ಲೆಕ್ಕ ಮೊದಲು, ತೀರ್ಮಾನ ಆಮೇಲೆ



ಮಳೆಗಾಲ ಶುರುವಾದರೆ ನಮ್ಮ ಜಿಲ್ಲೆಯ ಪತ್ರಿಕೆಗಳ ಒಳಪುಟದಲ್ಲಿ ಒಂದು ಪುಟ್ಟ ಪಟ್ಟಿ ಕಾಣಿಸಿಕೊಳ್ಳುತ್ತದೆ. ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೇಹಕ್ಲು ಎಂಬ ಹೆಸರುಗಳು. ಅವುಗಳ ಮುಂದೆ ಹಿಂದಿನ ದಿನ ಬಿದ್ದ ಮಳೆಯ ಮಿಲಿಮೀಟರ್ ಲೆಕ್ಕ. ಕೆಳಗೆ ಲಿಂಗನಮಕ್ಕಿಯ ನೀರಿನ ಮಟ್ಟ, ಪಕ್ಕದಲ್ಲಿ ಗರಿಷ್ಠ ಮಟ್ಟ 1819 ಅಡಿ. ನಿವೃತ್ತನಾದ ಮೇಲೆ ನಾನು ಬೆಳಿಗ್ಗೆ ಮೊದಲು ಓದುವುದು ಈ ಪಟ್ಟಿಯನ್ನೇ. ಯಾರೋ ಒಬ್ಬ ನೌಕರ ಜಡಿಮಳೆಯಲ್ಲಿ ಕಂಬಳಿ ಹೊದ್ದು, ಉಂಬಳ ಕಚ್ಚಿಸಿಕೊಂಡು, ಮಾಪಕದ ನೀರನ್ನು ಅಳೆದು, ಪುಸ್ತಕದಲ್ಲಿ ಬರೆದು ಬಂದಿರುತ್ತಾನೆ. ಅವನು ಒಂದು ಮಿಲಿಮೀಟರ್ ಹೆಚ್ಚು ಬರೆಯುವುದಿಲ್ಲ, ಕಡಿಮೆಯೂ ಬರೆಯುವುದಿಲ್ಲ. ಅದು ಅವನ ಕಾಯಕ.

ಸರ್ಕಾರದ ವಿದ್ಯುತ್ ನೀತಿಯಾಗಲಿ, ಹವಾಮಾನ ನೀತಿಯಾಗಲಿ ಆ ನೌಕರನ ಪುಸ್ತಕದಿಂದ ಶುರುವಾಗಬೇಕು. ಹಾಗೆ ಆಗುತ್ತಿದೆಯೇ ಎಂಬ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡಲು ಕಾರಣ, ಶರಾವತಿ ಕಣಿವೆಗೆ ಬಂದಿರುವ ಪಂಪ್ಡ್ ಸ್ಟೋರೇಜ್ ಯೋಜನೆ. ಕಳೆದ ಹಲವು ತಿಂಗಳಿಂದ ಮಠದ ಕಾರ್ಯಕ್ರಮಗಳಲ್ಲಿ ಸಿಕ್ಕವರೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: "ನೀವು ಎಂಜಿನಿಯರ್. ಈ ಯೋಜನೆ ಒಳ್ಳೆಯದೋ ಕೆಟ್ಟದ್ದೋ ಹೇಳಿಬಿಡಿ." ಅದಕ್ಕೆ ಒಂದು ಸಾಲಿನ ಉತ್ತರ ಕೊಡಲು ನನಗೆ ಆಗುತ್ತಿಲ್ಲ. ಯಾಕೆ ಆಗುತ್ತಿಲ್ಲ ಎಂಬುದನ್ನು ಹೇಳುತ್ತೇನೆ.

ಯೋಜನೆ ಏನು?

ಶರಾವತಿ ನಮ್ಮ ಮೂರೂ ತಾಲ್ಲೂಕುಗಳ ಹೊಳೆ. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. 1948ರಲ್ಲಿ ಜೋಗದ ಮೊದಲ ವಿದ್ಯುದಾಗಾರ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಲ್ಲಿಂದ ನೀರು ತಳಕಳಲೆಯ ಸಣ್ಣ ಜಲಾಶಯಕ್ಕೆ ಹೋಗಿ, ಘಟ್ಟ ಇಳಿದು, 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರವನ್ನು ತಿರುಗಿಸುತ್ತದೆ. ಕೆಳಗೆ ಗೇರುಸೊಪ್ಪದಲ್ಲಿ ಮತ್ತೊಂದು ಅಣೆಕಟ್ಟು, 240 ಮೆಗಾವಾಟ್‌ನ ಇನ್ನೊಂದು ವಿದ್ಯುದಾಗಾರ.

ಹೊಸ ಯೋಜನೆಯಲ್ಲಿ ಹೊಸ ಅಣೆಕಟ್ಟು ಇಲ್ಲ. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪ ಈಗಾಗಲೇ ಇವೆ. ಅವೆರಡರ ನಡುವೆ ನೆಲದೊಳಗೆ ಸುರಂಗ ಕೊರೆದು, ಭೂಗರ್ಭದಲ್ಲಿ 2000 ಮೆಗಾವಾಟ್‌ನ ವಿದ್ಯುದಾಗಾರ ಕಟ್ಟುವುದು ರಾಜ್ಯದ ವಿದ್ಯುತ್ ನಿಗಮದ ಉದ್ದೇಶ. ಹಗಲಿನಲ್ಲಿ ಸೌರ ವಿದ್ಯುತ್ ಹೆಚ್ಚಾದಾಗ ಅದನ್ನು ಬಳಸಿ ಗೇರುಸೊಪ್ಪದ ನೀರನ್ನು ಮೇಲಕ್ಕೆ ಎತ್ತುವುದು. ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತಿದಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು ವಿದ್ಯುತ್ ಪಡೆಯುವುದು. ಅಂದರೆ ಇದು ವಿದ್ಯುತ್ ಹುಟ್ಟಿಸುವ ಯಂತ್ರವಲ್ಲ, ಕೂಡಿಡುವ ಕಣಜ. ವೆಚ್ಚ ಹತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು.

ಕಣಜದಲ್ಲಿ ಇಟ್ಟದ್ದೆಲ್ಲ ವಾಪಸು ಬರುವುದಿಲ್ಲ. 2000 ಮೆಗಾವಾಟ್ ಆರು ಗಂಟೆ ಓಡಿದರೆ 1 ಕೋಟಿ 20 ಲಕ್ಷ ಯೂನಿಟ್. ಇಂಥ ಯಂತ್ರಗಳ ದಕ್ಷತೆ ಶೇಕಡಾ 80ರ ಆಸುಪಾಸು ಇರುವುದರಿಂದ ಅಷ್ಟು ಪಡೆಯಲು ಸುಮಾರು 1 ಕೋಟಿ 50 ಲಕ್ಷ ಯೂನಿಟ್ ಖರ್ಚು ಮಾಡಬೇಕು. ದಿನಕ್ಕೆ 30 ಲಕ್ಷ ಯೂನಿಟ್ ನಷ್ಟ. ಇದನ್ನು ಕೇಳಿ ಕೆಲವರು "ಇದೆಂಥ ಮೂರ್ಖ ಯೋಜನೆ" ಎನ್ನುತ್ತಾರೆ. ಅದು ಸರಿಯಲ್ಲ. ಮಧ್ಯಾಹ್ನ ಯಾರಿಗೂ ಬೇಡವಾಗಿ ಪೋಲಾಗುವ ವಿದ್ಯುತ್ತನ್ನು ಸಂಜೆಗೆ ಉಳಿಸಿಕೊಂಡರೆ ಈ ನಷ್ಟ ಸಹಿಸಿಕೊಳ್ಳಬಹುದಾದದ್ದೇ. ಕಲ್ಲಿದ್ದಲಿನಿಂದ ತಯಾರಾದ ವಿದ್ಯುತ್ತಿನಲ್ಲಿ ನೀರೆತ್ತಿದರೆ ಮಾತ್ರ ಹೊಗೆಯ ಮೇಲೆ ಹೊಗೆ.

ಇನ್ನೊಂದು ಗಾಳಿಮಾತು, ಈ ಯೋಜನೆ ಹೊಳೆಯನ್ನೇ ಕುಡಿದುಬಿಡುತ್ತದೆ ಎಂಬುದು. ಎರಡು ಜಲಾಶಯಗಳ ನಡುವಿನ ಎತ್ತರದ ವ್ಯತ್ಯಾಸ 450 ಮೀಟರ್‌ಗೂ ಹೆಚ್ಚು. ಅಷ್ಟು ಎತ್ತರದಿಂದ ಬೀಳುವ ನೀರಿನಲ್ಲಿ 1 ಕೋಟಿ 20 ಲಕ್ಷ ಯೂನಿಟ್ ಪಡೆಯಲು ಒಂದು ಟಿಎಂಸಿಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ನೀರು ಸಾಕು, ಅದೂ ಮೇಲೆ ಕೆಳಗೆ ತಿರುಗುವ ನೀರು. ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಈ ಲೆಕ್ಕ ಮಾಡಿ ನೋಡಬಹುದು. ವಿರೋಧಿಸುವವರು ತಪ್ಪು ಲೆಕ್ಕ ಹೇಳಿದರೆ ಸರಿಯಾದ ಪ್ರಶ್ನೆಗಳೂ ಬಿದ್ದುಹೋಗುತ್ತವೆ. ಆದ್ದರಿಂದ ಮೊದಲು ಇದನ್ನು ಹೇಳಿದೆ.

ಅಗತ್ಯ ನಿಜ

ಭೂಮಿ ಬಿಸಿಯಾಗುತ್ತಿದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಸಂದೇಹವಿಲ್ಲ, ನಮ್ಮ ತೋಟಗಳಿಗೂ ಸಂದೇಹವಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಲಿಂಗನಮಕ್ಕಿ ತುಂಬಲಿಲ್ಲ. ಆ ವರ್ಷ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶಿಸಬೇಕಾಯಿತು. ಮರುವರ್ಷ 2024ರಲ್ಲಿ ಅದೇ ಲಿಂಗನಮಕ್ಕಿಯ ಗೇಟುಗಳನ್ನು ತೆರೆದರು. ಅದೇ ಮಳೆಗಾಲದಲ್ಲಿ, ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿಗೆ ತಳ್ಳಿತು. ಒಂದು ವರ್ಷ ಬರ, ಮರುವರ್ಷ ಪ್ರಳಯ.

ಆದ್ದರಿಂದ ಕಲ್ಲಿದ್ದಲನ್ನು ಬಿಡಬೇಕು, ಬಿಸಿಲು ಗಾಳಿಗಳತ್ತ ಹೋಗಬೇಕು ಎಂಬುದು ಸರಿ. 2030ರೊಳಗೆ 500 ಗಿಗಾವಾಟ್ ಪಳೆಯುಳಿಕೆಯೇತರ ಸಾಮರ್ಥ್ಯ, 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ ಎಂದು ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಜಗತ್ತಿಗೆ ಮಾತು ಕೊಟ್ಟಿದೆ. ಪಾವಗಡದಲ್ಲಿ 2000 ಮೆಗಾವಾಟ್ ಮೀರಿದ ಸೌರ ಪಾರ್ಕ್ ನಮ್ಮ ರಾಜ್ಯದಲ್ಲೇ ಇದೆ. ಬಿಸಿಲು ಸಂಜೆ ಆರಕ್ಕೆ ಮುಗಿಯುತ್ತದೆ, ಬೇಡಿಕೆ ಆಗ ಏರುತ್ತದೆ. ಕಣಜ ಬೇಕೇ ಬೇಕು. ಪ್ರಶ್ನೆ ಇರುವುದು ಆ ಕಣಜ ಎಲ್ಲಿ, ಯಾವ ಬಗೆಯದು, ಯಾವ ಬೆಲೆಗೆ ಎಂಬುದರಲ್ಲಿ. ಹವಾಮಾನದ ವಿಜ್ಞಾನವನ್ನು ಕಾರಣವಾಗಿ ತೋರಿಸಿ ಯೋಜನೆ ತರುವ ಸರ್ಕಾರ, ಆ ಯೋಜನೆಯನ್ನು ತೂಗುವಾಗಲೂ ಅದೇ ವಿಜ್ಞಾನದ ತಕ್ಕಡಿಯನ್ನು ಬಳಸಬೇಕು. "ಹಸಿರು" ಎಂಬ ಹೆಸರು ಇಟ್ಟ ಮಾತ್ರಕ್ಕೆ ಪರೀಕ್ಷೆ ಮುಗಿಯುವುದಿಲ್ಲ.

ಯೋಜನೆಯ ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ಹಳೆಯ ಶರಾವತಿ ಅಭಯಾರಣ್ಯವನ್ನೂ ಸುತ್ತಲಿನ ಕಾಡನ್ನೂ ಸೇರಿಸಿ, 930 ಚದರ ಕಿಲೋಮೀಟರ್ ಮೀರಿದ ಈ ಅಭಯಾರಣ್ಯವನ್ನು ಇದೇ ರಾಜ್ಯ ಸರ್ಕಾರ 2019ರಲ್ಲಿ ಘೋಷಿಸಿತು. ಯೋಜನೆಗೆ ಬೇಕಾಗಿರುವುದು ಸುಮಾರು 54 ಹೆಕ್ಟೇರ್ ಅರಣ್ಯ. ಹೋಲಿಸಿದರೆ ಅದು ಚಿಕ್ಕ ಅಂಕಿಯಾಗಿ ಕಾಣುತ್ತದೆ, ಸಮರ್ಥಿಸುವವರು ಹೇಳುವುದೂ ಅದನ್ನೇ. ಆದರೆ ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೆ ಹೋಗುವ ಪ್ರಾಣಿ ಅದು. ಅದಕ್ಕೆ ವರ್ಷವಿಡೀ ಒಂದಲ್ಲ ಒಂದು ಮರದಲ್ಲಿ ಹಣ್ಣು ಇರಬೇಕು, ಮೇಲ್ಛಾವಣಿ ತುಂಡಾಗದೆ ಕೂಡಿಕೊಂಡಿರಬೇಕು. ಅಗಲ ಮಾಡಿದ ಒಂದು ರಸ್ತೆ ಕೆಲವೇ ಹೆಕ್ಟೇರ್ ತಿಂದರೂ ಒಂದು ಗುಂಪನ್ನು ಎರಡಾಗಿ ಸೀಳಬಲ್ಲದು. ಸೇತುವೆಯ ಒಂದು ಕಂಬ ತೆಗೆದರೆ ಹೋದದ್ದು ಎಷ್ಟು ಘನ ಅಡಿ ಕಾಂಕ್ರೀಟ್ ಎಂದು ಯಾವ ಎಂಜಿನಿಯರೂ ಕೇಳುವುದಿಲ್ಲ, ಸೇತುವೆ ನಿಲ್ಲುತ್ತದೆಯೇ ಎಂದು ಕೇಳುತ್ತಾನೆ.

ತೀರ್ಮಾನ ಮೊದಲು ಬಂದಾಗ

ಈಗ ಕಾಗದಗಳು ನಡೆದ ದಾರಿಯನ್ನು ನೋಡಿ. 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಯೋಜನೆಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಕಾರ್ಗಲ್‌ನಲ್ಲೂ ಗೇರುಸೊಪ್ಪದಲ್ಲೂ ಜನರ ಅಹವಾಲು ಕೇಳಿದ್ದು ಆಮೇಲೆ, ಸೆಪ್ಟೆಂಬರ್‌ನಲ್ಲಿ. ಕೇಂದ್ರ ಅರಣ್ಯ ಇಲಾಖೆಯ ಬೆಂಗಳೂರು ಪ್ರಾದೇಶಿಕ ಕಚೇರಿಯ ಅಧಿಕಾರಿಗಳು ಸ್ಥಳಕ್ಕೆ ಹೋಗಿ ನೋಡಿ, ಯೋಜನೆ ಬೇಡವೆಂದು ವರದಿ ಕೊಟ್ಟರು. ಅಕ್ಟೋಬರ್‌ನಲ್ಲಿ ಅರಣ್ಯ ಸಲಹಾ ಸಮಿತಿ ಒಪ್ಪಿಗೆ ಕೊಡದೆ ಮುಂದೂಡಿತು. ಸ್ಥಳ ನೋಡಿದವರ ವರದಿ ಕೊನೆಗೆ ಬಂತು. ಗುತ್ತಿಗೆಯ ಮಾತು ಅದಕ್ಕೂ ಮೊದಲೇ ನಡೆದಿತ್ತು. ಮದುವೆಯ ಛತ್ರಕ್ಕೆ ಮುಂಗಡ ಕೊಟ್ಟ ಮೇಲೆ ಹುಡುಗಿಯನ್ನು ಒಪ್ಪಿಗೆಯೇ ಎಂದು ಕೇಳಿದ ಹಾಗೆ.

ಈ ಕ್ರಮ ಎಷ್ಟು ಅಪಾಯದ್ದು ಎಂದು ನನಗೆ ಗೊತ್ತಿರುವುದು ನಾನೇ ಅದರಲ್ಲಿ ಪಾಲುಗಾರನಾಗಿದ್ದರಿಂದ. ಇದನ್ನು ಇದುವರೆಗೆ ಎಲ್ಲೂ ಬರೆದಿಲ್ಲ.

ನೌಕರಿಗೆ ಸೇರಿ ಕೆಲವೇ ವರ್ಷಗಳಾಗಿದ್ದವು. ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ಸಣ್ಣ ಕೆರೆಯೊಂದರ ಅಂದಾಜು ಪಟ್ಟಿ ತಯಾರಿಸುವ ಕೆಲಸ ನನ್ನದು. ಹತ್ತಿರದ ಮಳೆ ಮಾಪಕದ ಅಂಕಿಗಳನ್ನು ಹಾಕಿ ಲೆಕ್ಕ ಮಾಡಿದರೆ ಆ ಕೆರೆ ಐದು ವರ್ಷಕ್ಕೆ ಎರಡು ಸಲವೂ ತುಂಬುವುದು ಕಷ್ಟ. ಲಾಭ ವೆಚ್ಚದ ಅನುಪಾತ ಒಂದಕ್ಕಿಂತ ಕೆಳಗೆ ಬಂತು. ಕಡತ ವಾಪಸು ಬಂತು. "ಕೆಲಸ ಮಂಜೂರಾಗಬೇಕು, ಲೆಕ್ಕ ಸರಿಮಾಡಿ" ಎಂದರು. ಯಾರೂ ಸುಳ್ಳು ಬರೆ ಎನ್ನಲಿಲ್ಲ. ಇಪ್ಪತ್ತೈದು ಕಿಲೋಮೀಟರ್ ಆಚೆ, ಗುಡ್ಡದ ಬದಿಯಲ್ಲಿ ಇನ್ನೊಂದು ಮಾಪಕ ಇತ್ತು, ಅಲ್ಲಿ ಮಳೆ ಹೆಚ್ಚು. ಅದರ ಅಂಕಿಯನ್ನು ಹಾಕಿದೆ. ಅನುಪಾತ ಒಂದನ್ನು ದಾಟಿತು. ಸಹಿ ಹಾಕಿದೆ.

ಕೆರೆ ಆಯಿತು. ಉದ್ಘಾಟನೆಯೂ ಆಯಿತು. ಅದನ್ನು ನಂಬಿ ಕೆಳಗಿನ ರೈತರು ಸಾಲ ಮಾಡಿ ತೆಂಗು ಹಾಕಿದರು. ಕೆಲವು ವರ್ಷಗಳ ನಂತರ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋದಾಗ ಕೆರೆಯ ಅಂಗಳದಲ್ಲಿ ದನ ಮೇಯುತ್ತಿದ್ದವು. ಏರಿಯ ಮೇಲೆ ಕೂತಿದ್ದ ಮುದುಕರೊಬ್ಬರು, ನಾನು ಯಾರೆಂದು ತಿಳಿಯದೆ, "ಎಂಜಿನಿಯರು ಲೆಕ್ಕ ಹಾಕಿಯೇ ಕಟ್ಟಿದ್ದಂತೆ ಸ್ವಾಮಿ, ನಮ್ಮ ಹಣೆಬರಹ ಸರಿಯಿಲ್ಲ" ಎಂದರು. ಅವರ ಹಣೆಬರಹ ಬರೆದವನು ನಾನು. ಹೇಳುವ ಧೈರ್ಯ ಬರಲಿಲ್ಲ, ಜೀಪು ಹತ್ತಿದೆ.

ಅಂದು ನಾನು ತಪ್ಪು ಅಂಕಿ ಬರೆಯಲಿಲ್ಲ, ಬೇಕಾದ ಅಂಕಿಯನ್ನು ಆರಿಸಿಕೊಂಡೆ. ತೀರ್ಮಾನ ಮೊದಲೇ ಆಗಿದ್ದಾಗ ಪುರಾವೆ ಕೆಡುವುದು ಹೀಗೆಯೇ. ಆದ್ದರಿಂದ ಇಂದು ಯಾವುದೇ ಯೋಜನೆಯ ಪರಿಸರ ಪರಿಣಾಮ ವರದಿ ಕೈಗೆ ಬಂದರೆ ನಾನು ಮೊದಲು ನೋಡುವುದು ಯಾವ ಮಾಪಕದ ಮಳೆ, ಯಾವ ತಿಂಗಳ ಸಮೀಕ್ಷೆ, ಎಷ್ಟು ದಿನ ಕಾಡಿನಲ್ಲಿದ್ದರು ಎಂಬುದನ್ನು. ನಮ್ಮ ನಿಯಮದ ಪ್ರಕಾರ ಈ ವರದಿಯನ್ನು ತಯಾರಿಸುವ ಸಲಹಾ ಸಂಸ್ಥೆಗೆ ಹಣ ಕೊಡುವವರು ಯೋಜನೆ ತರುವವರೇ. ಪರೀಕ್ಷೆ ಬರೆಯುವ ಹುಡುಗನೇ ಮೌಲ್ಯಮಾಪಕರಿಗೆ ಸಂಬಳ ಕೊಟ್ಟ ಹಾಗೆ. ಸಲಹೆಗಾರರೆಲ್ಲ ಅಪ್ರಾಮಾಣಿಕರು ಎಂದು ನಾನು ಹೇಳುವುದಿಲ್ಲ. ಪ್ರಾಮಾಣಿಕನೂ ಜಾರುವಂಥ ಇಳಿಜಾರು ಅದು. ನಾನು ಜಾರಿದ್ದೇನೆ.

ಮೇಜಿನ ಮೇಲೆ ಬರಬೇಕಾದ ಪುರಾವೆ

ಶರಾವತಿಯ ವಿಷಯದಲ್ಲಿ ಕನಿಷ್ಠ ನಾಲ್ಕು ಲೆಕ್ಕಗಳು ಸಾರ್ವಜನಿಕರ ಮುಂದೆ ಬರಬೇಕು.

ಒಂದನೆಯದು ಪರ್ಯಾಯಗಳ ಲೆಕ್ಕ. ಕಳೆದ ಒಂದು ದಶಕದಲ್ಲಿ ಬ್ಯಾಟರಿಗಳ ಬೆಲೆ ಬಹಳ ಇಳಿದಿದೆ. ಬ್ಯಾಟರಿಯ ಆಯುಷ್ಯ ಕಡಿಮೆ, ಲಿಥಿಯಂ ಗಣಿಗಾರಿಕೆಯಿಂದ ಇನ್ನೆಲ್ಲೋ ನೆಲ ಕೆಡುತ್ತದೆ. ಜಲ ಕಣಜ ನಲವತ್ತು ವರ್ಷ ಮೀರಿ ಬಾಳುತ್ತದೆ. ಇವೆರಡನ್ನೂ ಇಂದಿನ ಬೆಲೆಯಲ್ಲಿ, ಕಾಡಿನ ಬೆಲೆಯನ್ನೂ ಸೇರಿಸಿ ತೂಗಬೇಕು. ಪಶ್ಚಿಮಘಟ್ಟದ ಹೊರಗೆ, ಬಯಲಿನ ಬೋಳು ಗುಡ್ಡಗಳಲ್ಲಿ ಇಂಥದೇ ಕಣಜ ಕಟ್ಟಲು ಆಗುವುದಿಲ್ಲವೇ? ರೈತರ ಪಂಪ್‌ಸೆಟ್‌ಗಳಿಗೆ ಹಗಲು ಹೊತ್ತಿನಲ್ಲೇ ಸೌರ ವಿದ್ಯುತ್ ಕೊಟ್ಟರೆ ರಾತ್ರಿಯ ಬೇಡಿಕೆ ಎಷ್ಟು ಇಳಿಯುತ್ತದೆ, ಆಗ ಎಷ್ಟು ದೊಡ್ಡ ಕಣಜ ಬೇಕು?

ಎರಡನೆಯದು ಗುಡ್ಡದ ಲೆಕ್ಕ. 2018ರಲ್ಲಿ ಕೊಡಗು, 2024ರಲ್ಲಿ ಶಿರೂರು ಮತ್ತು ವಯನಾಡು ಕಂಡವರು ಘಟ್ಟದ ಇಳಿಜಾರಿನಲ್ಲಿ ಸ್ಫೋಟಿಸಿ ಸುರಂಗ ಕೊರೆಯುವಾಗ ಕಲ್ಲಿನ ಸ್ಥಿತಿಯೇನು, ಮೇಲಿನ ಮಣ್ಣಿನಲ್ಲಿ ನೀರು ಹೇಗೆ ಹರಿಯುತ್ತದೆ, ಅಗೆದ ಮಣ್ಣು ಎಲ್ಲಿ ಬೀಳುತ್ತದೆ ಎಂದು ಕೇಳಲೇಬೇಕು. ಶರಾವತಿ ಕೊಳ್ಳದಲ್ಲಿ ಮತ್ತು ಸುತ್ತಲಿನ ಘಟ್ಟಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವರ್ಷಗಟ್ಟಲೆ ಅಧ್ಯಯನ ಮಾಡಿ, ನೈಸರ್ಗಿಕ ಕಾಡು ಹೆಚ್ಚಿರುವ ಹಳ್ಳಗಳು ವರ್ಷವಿಡೀ ಹರಿಯುತ್ತವೆ, ಕಾಡು ಹೋದ ಹಳ್ಳಗಳು ಮಳೆ ನಿಂತ ಕೆಲವೇ ತಿಂಗಳಲ್ಲಿ ಬತ್ತುತ್ತವೆ ಎಂದು ತೋರಿಸಿದ್ದಾರೆ. ಆ ಅಧ್ಯಯನ ಸರ್ಕಾರದ ಕಡತದಲ್ಲಿ ತೂಕ ಪಡೆಯಬೇಕು.

ಮೂರನೆಯದು ಆರೋಗ್ಯದ ಲೆಕ್ಕ. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು 1957ರಲ್ಲಿ ನಮ್ಮ ಸೊರಬದ ಕ್ಯಾಸನೂರಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದೇ ಕಾಯಿಲೆ ಮನೆಮನೆಗೆ ಸಾವು ತಂದಿತು. ಅರಳಗೋಡು ಈ ಯೋಜನೆಯ ನೆರೆಯ ಊರು. ಕಾಡು ತುಂಡಾಗಿ, ಕಾಡಿನ ಅಂಚಿನಲ್ಲಿ ಜನ ದನಗಳ ಓಡಾಟ ಹೆಚ್ಚಾದ ಕಡೆ ಈ ಕಾಯಿಲೆಯ ಅಪಾಯ ಏರುತ್ತದೆಂದು ಅಧ್ಯಯನಗಳು ಹೇಳುತ್ತವೆ. ಕಾಮಗಾರಿಗೆ ಬರುವ ಸಾವಿರಾರು ಕಾರ್ಮಿಕರು ಇಳಿದುಕೊಳ್ಳುವುದು ಅಲ್ಲಿಯೇ.

ನಾಲ್ಕನೆಯದು ಹಳೆಯ ಬಾಕಿಯ ಲೆಕ್ಕ. ನನ್ನ ತಾಯಿಯ ತವರು ಲಿಂಗನಮಕ್ಕಿಯ ನೀರಿನಡಿ ಇದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಮ್ಮ ದಡದಲ್ಲಿ ನಿಂತು "ಅಗೋ ಅಲ್ಲಿ ಬಾವಿಯಿತ್ತು" ಎಂದು ಬೆರಳು ತೋರಿಸುತ್ತಿದ್ದರು. ಮುಳುಗಡೆಯಾದವರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ. ತುಮರಿ ಕಡೆಯವರು ಆರು ದಶಕ ಲಾಂಚ್‌ಗೆ ಕಾದು, 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆಯನ್ನು ಕಂಡರು. 1964ರ ಯೋಜನೆಯ ಲಾಭವನ್ನು ಯೂನಿಟ್‌ಗಳಲ್ಲಿ ಬರೆದರು, ಈ ನಷ್ಟವನ್ನು ಯಾವ ಕಾಲಂನಲ್ಲೂ ಬರೆಯಲಿಲ್ಲ. ಹೊಸ ಯೋಜನೆಯಲ್ಲಿ ಮುಳುಗಡೆ ಇಲ್ಲವೆಂಬುದು ನಿಜ. ಹಳೆಯ ಭರವಸೆಗಳು ಏನಾದವು ಎಂಬುದೂ ಹೊಸ ಭರವಸೆಯನ್ನು ತೂಗಲು ಒಂದು ಪುರಾವೆಯೇ.

ಇದು ಆಗದ ಮಾತಲ್ಲ. 1980ರ ದಶಕದ ಆರಂಭದಲ್ಲಿ ಪಕ್ಕದ ಉತ್ತರ ಕನ್ನಡದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಅಲ್ಲಿನ ಅಡಿಕೆ ಬೆಳೆಗಾರರು ಬರೀ ಘೋಷಣೆ ಕೂಗಲಿಲ್ಲ. ಶಿರಸಿಯ ತೋಟಗಾರ್ಸ್ ಸೊಸೈಟಿ 1981ರಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಎಂಜಿನಿಯರುಗಳನ್ನೂ ರೈತರನ್ನೂ ಒಂದೇ ಸಭೆಯಲ್ಲಿ ಕೂರಿಸಿ ಲಾಭ ನಷ್ಟದ ಲೆಕ್ಕವನ್ನು ಹೊಸದಾಗಿ ಹಾಕಿಸಿತು. ಮುಳುಗುವ ತೋಟ, ಕಾಡು ಎಲ್ಲವನ್ನೂ ಸೇರಿಸಿದಾಗ ಲೆಕ್ಕ ತಿರುಗಿಬಿತ್ತು. ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ನಮ್ಮ ಕನ್ನಡಿಯಲ್ಲಿ

ಇಷ್ಟನ್ನು ಸರ್ಕಾರಕ್ಕೆ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಪುರಾವೆಯನ್ನು ಬದಿಗೆ ಸರಿಸುವುದರಲ್ಲಿ ನಾವೂ ಹಿಂದೆ ಬಿದ್ದಿಲ್ಲ.

ಪಶ್ಚಿಮಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಕೇಂದ್ರ ಸರ್ಕಾರ ಅದನ್ನು ತಿಂಗಳುಗಟ್ಟಲೆ ಬಚ್ಚಿಟ್ಟಿತು. ಮಾಹಿತಿ ಹಕ್ಕಿನಡಿ ಹೋರಾಟ ನಡೆದು 2012ರಲ್ಲಿ ಹೊರಬಂತು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂತು. ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮವೆಂದು ಗುರುತಿಸಿತು. 2014ರಿಂದ 2024ರವರೆಗೆ ಕೇಂದ್ರ ಆರು ಕರಡು ಅಧಿಸೂಚನೆ ಹೊರಡಿಸಿತು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಲು ನಿರ್ಧರಿಸಿತು.

ನಮ್ಮ ಊರುಗಳಲ್ಲಿ ಆ ವರದಿಯ ವಿರುದ್ಧ ಸಭೆಗಳಾದವು. ಮನೆ ಬಿಡಿಸುತ್ತಾರೆ, ಗೊಬ್ಬರ ಹಾಕಲು ಬಿಡುವುದಿಲ್ಲ, ಸೊಪ್ಪಿನಬೆಟ್ಟಕ್ಕೆ ಕಾಲಿಡಲು ಬಿಡುವುದಿಲ್ಲ ಎಂದರು. ಅಂಥ ಒಂದು ಸಭೆಯಲ್ಲಿ ನಾನೂ ಕೈ ಎತ್ತಿದೆ. ವರದಿಯನ್ನು ಓದಿದ್ದು ಅದಾದ ವರ್ಷಗಳ ಮೇಲೆ. ಅದರಲ್ಲಿ ನಿಷೇಧಿಸಲು ಹೇಳಿದ್ದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರ್ ಮೀರಿದ ಕಟ್ಟಡ. ಜಲವಿದ್ಯುತ್ತಿಗೆ ಅದು ಷರತ್ತಿನೊಂದಿಗೆ ಅವಕಾಶವನ್ನೇ ಕೊಟ್ಟಿತ್ತು. ರೈತರ ಆತಂಕಕ್ಕೆ ಕಾರಣವಿರಲಿಲ್ಲ ಎಂದಲ್ಲ. ಅರಣ್ಯ ಇಲಾಖೆಯ ಜೊತೆಗಿನ ನಮ್ಮ ಅನುಭವ ಹಾಗಿದೆ. ಆದರೆ ಓದಿ ವಿರೋಧಿಸುವುದು ಬೇರೆ, ಓದದೆ ವಿರೋಧಿಸುವುದು ಬೇರೆ. ಅಂದು ವಿಜ್ಞಾನಿಗಳ ವರದಿ ಬೇಡ ಎಂದ ನಾವು ಇಂದು ಶರಾವತಿಯ ವಿಷಯಕ್ಕೆ ಅದೇ ವಿಜ್ಞಾನಿಗಳನ್ನು ಸಾಕ್ಷಿಗೆ ಕರೆಯುತ್ತಿದ್ದೇವೆ. ನಮ್ಮ ನಡೆಗೂ ನುಡಿಗೂ ನಡುವೆ ಇರುವ ಈ ಬಿರುಕನ್ನು ಒಪ್ಪಿಕೊಳ್ಳದೆ ಸರ್ಕಾರದ ಬಿರುಕನ್ನು ತೋರಿಸುವ ನೈತಿಕ ಬಲ ನಮಗೆ ಬರುವುದಿಲ್ಲ.

ಓದದೆ ಇದ್ದುದಕ್ಕೆ ಒಂದು ಕಾರಣ ಭಾಷೆ. ಮೂಲ ವರದಿಗಳು ಇಂಗ್ಲಿಷಿನವು, ನೂರಾರು ಪುಟದವು. ಪರಿಸರ ಪರಿಣಾಮ ವರದಿಯ ವಿಷಯದಲ್ಲೂ 2006ರ ನಿಯಮ ಸ್ಥಳೀಯ ಭಾಷೆಯಲ್ಲಿ ಕೇಳುವುದು ಸಾರಾಂಶವನ್ನು ಮಾತ್ರ. 2020ರಲ್ಲಿ ಆ ನಿಯಮವನ್ನೇ ಬದಲಿಸುವ ಕರಡು ಬಂದಾಗ ಅದು ಕನ್ನಡದಲ್ಲಿ ಇರಲಿಲ್ಲ. ಕರ್ನಾಟಕ ಹೈಕೋರ್ಟ್ ಮಧ್ಯಪ್ರವೇಶಿಸಿ ಅಂತಿಮ ಅಧಿಸೂಚನೆಗೆ ತಡೆ ಕೊಡಬೇಕಾಯಿತು. ಹನ್ನೆರಡನೆಯ ಶತಮಾನದಲ್ಲಿ ಶರಣರು ತತ್ತ್ವವನ್ನು ಪಂಡಿತರ ಸಂಸ್ಕೃತದಿಂದ ಬಿಡಿಸಿ, ದೋಣಿ ನಡೆಸುವವರಿಗೂ ದನ ಕಾಯುವವರಿಗೂ ಅರ್ಥವಾಗುವ ಕನ್ನಡದಲ್ಲಿ ನುಡಿದರು. ಅನುಭವ ಮಂಟಪದಲ್ಲಿ ಕುಳಿತು ಒಬ್ಬರನ್ನೊಬ್ಬರು ಪ್ರಶ್ನಿಸಿದರು. ಅವರ ವಾರಸುದಾರರಾದ ನಾವು, ನಮ್ಮ ಬೆಟ್ಟದ ಹಣೆಬರಹ ನಮಗೆ ತಿಳಿಯದ ಭಾಷೆಯಲ್ಲಿ ಬರೆಯಲ್ಪಡುವುದನ್ನು ಸುಮ್ಮನೆ ನೋಡುವುದು ಸರಿಯೇ?

ಆದ್ದರಿಂದ ಮೂರು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ. ನಮ್ಮ ಭಾಗದ ಮಠಗಳ ಮಾಸಿಕ ಶಿವಾನುಭವ ಗೋಷ್ಠಿಗಳಲ್ಲಿ ಒಂದನ್ನು ಈ ಯೋಜನೆಯ ಕನ್ನಡ ಸಾರಾಂಶವನ್ನು ಪೂರ್ತಿ ಓದಲು ಮೀಸಲಿಡೋಣ. ಪರವಾಗಿ ಮಾತಾಡುವ ಎಂಜಿನಿಯರನ್ನೂ ವಿರೋಧಿಸುವ ಪರಿಸರ ತಜ್ಞರನ್ನೂ ಒಂದೇ ವೇದಿಕೆಗೆ ಕರೆಯೋಣ. ಪೂರ್ಣ ವರದಿ ಕನ್ನಡದಲ್ಲಿ ಬೇಕು, ಮೇಲಿನ ನಾಲ್ಕು ಲೆಕ್ಕಗಳು ಬೇಕು ಎಂದು ಗ್ರಾಮಸಭೆಗಳಲ್ಲಿ ಲಿಖಿತ ಠರಾವು ಮಾಡೋಣ. ಮೂರನೆಯದಾಗಿ ಪ್ರತಿ ಮಠದ, ಪ್ರತಿ ಶಾಲೆಯ ಅಂಗಳದಲ್ಲಿ ಒಂದು ಮಳೆ ಮಾಪಕ ಇಡೋಣ, ಮಕ್ಕಳು ದಿನಾ ಬರೆಯಲಿ. ಹತ್ತು ವರ್ಷ ಬರೆದರೆ ಅದು ನಮ್ಮದೇ ಪುರಾವೆ. ಯಾರೂ ಇಪ್ಪತ್ತೈದು ಕಿಲೋಮೀಟರ್ ಆಚೆಯ ಅಂಕಿ ತಂದು ಅಂಟಿಸಲು ಆಗದು.

ಈ ಎಲ್ಲ ಲೆಕ್ಕ ಮುಂದೆ ಬಂದ ಮೇಲೆ ಯೋಜನೆ ಇಲ್ಲಿಯೇ ಬೇಕು ಎಂದು ಸಿದ್ಧವಾದರೆ ನಾನು ಒಪ್ಪುತ್ತೇನೆ. ಇಂದು ಕೈಯಲ್ಲಿರುವ ಪುರಾವೆ, ಅದರಲ್ಲೂ ಸ್ಥಳಕ್ಕೆ ಹೋಗಿ ನೋಡಿ ಬಂದವರ ವರದಿ, ಬೇಡ ಎನ್ನುವ ಕಡೆಗೇ ವಾಲುತ್ತದೆ. ಆದ್ದರಿಂದ ಲೆಕ್ಕ ಮುಗಿಯುವವರೆಗೆ ಸಿಂಗಳೀಕದ ಕಾಡಿನಲ್ಲಿ ಒಂದು ಮರವನ್ನೂ ಕಡಿಯಬಾರದು. ಇದು ನನ್ನ ನಿಲುವು. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ಈ ಬೆಳಿಗ್ಗೆಯೂ ಪತ್ರಿಕೆಯ ಪಟ್ಟಿ ಓದಿದೆ. ಮಾಸ್ತಿಕಟ್ಟೆಯಲ್ಲೋ ಹುಲಿಕಲ್‌ನಲ್ಲೋ ಅಳೆಯುವ ಆ ನೌಕರನ ಹೆಸರು ನನಗೆ ಗೊತ್ತಿಲ್ಲ. ಅವನ ಹಾಗೆ ಬಿದ್ದಷ್ಟನ್ನೇ ಬರೆಯುವವರು ಬೆಂಗಳೂರು ದೆಹಲಿಗಳ ಕಚೇರಿಗಳಲ್ಲೂ ಇರಲಿ, ನಮ್ಮ ಊರಿನ ಸಭೆಗಳಲ್ಲೂ ಇರಲಿ.